ನಾಲಿಗೆಯ ಆಸೆಗೊಂದು ಚೀನೀ ಶಬ್ದ

ಮೂಡುಬಿದಿರೆಯ ನಮ್ಮ ಮನೆಯಲ್ಲಿ ಒಂದು ಚೀನೀ ಶಬ್ದ ವಾಸವಾಗಿದೆ. ಹೆದರಬೇಕಾದ್ದಿಲ್ಲ. ಬಹಳ ಸಣ್ಣ ಶಬ್ದ, ಯಾರಿಗೂ ಉಪದ್ರ ಕೊಡುವುದಿಲ್ಲ. ಸೂರ್ಯ ಮುಳುಗುವ ಮೊದಲು ಊಟ ಮುಗಿಸಬೇಕಾದ ಜೈನರ ಮನೆ ನಮ್ಮದು. ಹಾಗಾಗಿ ಇಳಿಹೊತ್ತಿನಲ್ಲಿ, ಬಿಸಿಲು ಅಂಗಳ ಬಿಟ್ಟು ಮಾಡಿನ ಹಂಚಿಗೆ ಏರುವ ಸಮಯಕ್ಕೆ, ನಾನು ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಲ್ಲುತ್ತೇನೆ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ನಿವೃತ್ತ ಕನ್ನಡ ಮಾಸ್ತರನಿಗೆ ಒಪ್ಪುವ ಗಾಂಭೀರ್ಯದಿಂದ "ಛಾನ್" ಎನ್ನುತ್ತೇನೆ. ಹೆಂಡತಿ ತಿರುಗಿಯೂ ನೋಡದೆ ಕೇಳುತ್ತಾಳೆ:

"ಯಾವುದರ ಮೇಲೆ?"

"ಹಲಸಿನ ಹಪ್ಪಳ."

"ಒಂದು."

"ಎರಡು."

"ಛಾನಿಗೆ ಒಂದು. ಹೊಟ್ಟೆಗೆ ಬೇಕಾದರೆ ಅನ್ನ ಉಂಟು."

ಇಷ್ಟರಲ್ಲಿ ಚೀನಾ ದೇಶದೊಂದಿಗಿನ ನಮ್ಮ ವ್ಯವಹಾರ ಆ ದಿನಕ್ಕೆ ಮುಗಿಯುತ್ತದೆ. ಮನೆಗೆ ಬಂದ ನೆಂಟರು ಇದು ಯಾವುದೋ ಪ್ರಾಕೃತ ಶಬ್ದವೆಂದೂ ಶ್ರಾವಕರಾದವರು ಊಟಕ್ಕೆ ಮೊದಲು ಹೇಳಬೇಕಾದ್ದೆಂದೂ ತಿಳಿದು ತಾವೂ ಸಣ್ಣಗೆ ಗುನುಗಿದ್ದುಂಟು. ನಾನು ತಿದ್ದಲಿಲ್ಲ. ಮೂವತ್ತು ಚಿಲ್ಲರೆ ವರ್ಷ ತಿದ್ದಿ ಸಾಕಾಗಿದೆ.

ಛಾನ್ ಎಂದರೆ ಹಸಿವು ಅಲ್ಲ. ಹಸಿವು ಹೊಟ್ಟೆಯ ವಿಷಯ. ಅದಕ್ಕೆ ಲೋಕದಲ್ಲಿ ಒಂದು ಮರ್ಯಾದೆ ಇದೆ. ಛಾನ್ ನಾಲಿಗೆಯದು. ಹೊಟ್ಟೆ ತುಂಬಿದ್ದರೂ ಇಂಥದ್ದೇ ಬೇಕು, ಈಗಲೇ ಬೇಕು ಎಂದು ಬಾಯಿಯೊಳಗೆ ಏಳುವ ಸಣ್ಣ ದಂಗೆ. ನಮ್ಮಲ್ಲಿ 'ಬಾಯಿಚಪಲ' ಎಂಬ ಶಬ್ದ ಇಲ್ಲವೇ ಎಂದು ತಾವು ಕೇಳಬಹುದು. ಇದೆ. ಆದರೆ ಅದು ಇನ್ನೊಬ್ಬರ ಮೇಲೆ ಹೊರಿಸುವ ಆಪಾದನೆ. "ಅವನಿಗೆ ಬಾಯಿಚಪಲ" ಎನ್ನುತ್ತಾರೆಯೇ ಹೊರತು, "ನನಗೆ ಇವತ್ತು ಬಾಯಿಚಪಲವಾಗಿದೆ, ಏನಾದರೂ ಮಾಡಿಕೊಡಿ" ಎಂದು ಮಾನವಂತರು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಚೀನಾದವರು ಹೇಳುತ್ತಾರಂತೆ. ನಡುಬೀದಿಯಲ್ಲಿ, ದೊಡ್ಡ ಗಂಡಸರು, ಹಲ್ಲು ಬಿಟ್ಟುಕೊಂಡು ಹೇಳುತ್ತಾರಂತೆ.

ಇದನ್ನು ನನಗೆ ಹೇಳಿದ್ದು ಉಮ್ಮರಬ್ಬ. ಬಂಟ್ವಾಳ ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟಿದ್ದವನು. ಎದುರಿಗೆ ನಾವು ಕೊನೆಯವರೆಗೂ ಒಬ್ಬರಿಗೊಬ್ಬರು 'ನೀವು' ಎಂದೇ ಮಾತಾಡಿದವರು. ಬರೆಯುವಾಗ ಮಾತ್ರ ಏಕವಚನ ಬರುತ್ತದೆ. ತೀರಿಹೋದವರ ಮೇಲೆ ಸಲುಗೆ ಹೆಚ್ಚುವುದು ಬದುಕಿರುವವರ ದುರ್ಗುಣಗಳಲ್ಲಿ ಒಂದು. ಉಮ್ಮರಬ್ಬ ಈಗ ನರಿಕೊಂಬಿನ ಹತ್ತಿರ, ಹೊಳೆಯ ಗಾಳಿ ಬೀಸುವ ಒಂದು ಮಸೀದಿಯ ಹಿತ್ತಲಿನಲ್ಲಿ ಮಲಗಿದ್ದಾನೆ. ಅನ್ನನಾಳದಲ್ಲಿ ಹುಣ್ಣಾಗಿ, ಅದು ಬೆಳೆದು, ದಾರಿ ಮುಚ್ಚಿಹೋಯಿತು. ತಿನ್ನುವ ಆಸೆಯನ್ನು ಇಷ್ಟು ಚೆನ್ನಾಗಿ ಹೇಳಲು ಕಲಿತಿದ್ದವನಿಗೆ ಬಂದ ಕಾಯಿಲೆ ನೋಡಿ. ಕರ್ಮಸಿದ್ಧಾಂತದಲ್ಲಿ ಹುಟ್ಟಿ ಬೆಳೆದ ನನಗೂ ಇದರ ಲೆಕ್ಕಾಚಾರ ಈವರೆಗೆ ಗೊತ್ತಾಗಿಲ್ಲ.

ಆದರೆ ಅಲ್ಲಿಗೆ ಹೋಗುವ ಮೊದಲು ನಮ್ಮ ಸೀಮೆಯ ಬಾಯಿಯ ವಿಷಯ ಸ್ವಲ್ಪ ಹೇಳಬೇಕು.

ನಮ್ಮಲ್ಲಿ ದಾರಿಯಲ್ಲಿ ಸಿಕ್ಕಿದವರು "ಊಟ ಆಯ್ತಾ?" ಎಂದು ಕೇಳುತ್ತಾರೆ. ಚೀನಾದಲ್ಲೂ ಹಾಗೆಯೇ ಕೇಳುತ್ತಾರೆಂದು ಉಮ್ಮರಬ್ಬ ಹೇಳಿದಾಗ ನನಗೆ ಆ ದೇಶದ ಮೇಲೆ ಮೊದಲ ಸಲ ವಿಶ್ವಾಸ ಹುಟ್ಟಿತು. ಆದರೆ ನಮ್ಮಲ್ಲಿ ಉತ್ತರ ಒಂದೇ: "ಆಯ್ತು." ಬೆಳಗಿನಿಂದ ಬಾಯಿಗೆ ನೀರು ಬೀಳದಿದ್ದರೂ "ಆಯ್ತು." ಮನೆಯೊಳಗೆ ಬಂದು ಕೂತ ಮೇಲೂ ಬಡಿಸಿದ್ದಕ್ಕೆಲ್ಲ "ಬೇಡ." ಆ ಬೇಡವನ್ನು ಮೀರಿ ಬಡಿಸುವುದು ಮನೆಯವರ ಕರ್ತವ್ಯ. ಮೀರಲು ಅವಕಾಶ ಮಾಡಿಕೊಡುವುದು ಬಂದವರ ಕರ್ತವ್ಯ. ನಾನು ಬೆಳ್ತಂಗಡಿಯ ಶಾಲೆಯಲ್ಲಿದ್ದಾಗ ಬಯಲುಸೀಮೆಯಿಂದ ಹೊಸದಾಗಿ ಬಂದ ಡ್ರಾಯಿಂಗ್ ಮೇಷ್ಟ್ರೊಬ್ಬರು ತಮ್ಮ ಮನೆಗೆ ನಮ್ಮನ್ನು ಊಟಕ್ಕೆ ಕರೆದರು. ಹೋಳಿಗೆ ತಂದು "ಹಾಕಲೇ?" ಎಂದರು. ನಾವೆಲ್ಲ ರೂಢಿಯಂತೆ "ಬೇಡ" ಎಂದೆವು. ಪುಣ್ಯಾತ್ಮರು "ಸರಿ" ಎಂದು ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದರು. ಆ ಪಾತ್ರೆ ಒಳಗೆ ಹೋಗುವುದನ್ನು ನೋಡುತ್ತಿದ್ದ ನಮ್ಮ ಮುಖಗಳು, ಶವಯಾತ್ರೆಯ ಹಿಂದೆ ಹೊರಟವರ ಮುಖಗಳ ಹಾಗಿದ್ದವು. ಮರುದಿನ ಸ್ಟಾಫ್ ರೂಮಿನಲ್ಲಿ ಆ ಮನುಷ್ಯನಿಗೆ ಜಿಪುಣ ಎಂಬ ಹೆಸರು ಬಿತ್ತು. ಪಾಪ, ಆತ ಮಾಡಿದ ಒಂದೇ ತಪ್ಪು ನಮ್ಮ ಮಾತನ್ನು ನಂಬಿದ್ದು.

ನಮ್ಮ ಮನೆಯಲ್ಲಂತೂ ಇದಕ್ಕೆ ಧರ್ಮದ ಬೆಂಬಲವೂ ಇತ್ತು. ಆಸೆಯನ್ನು ಹೇಳುವುದು ಹಾಗಿರಲಿ, ಪಡುವುದೇ ಕರ್ಮಬಂಧ. ನನ್ನ ಬಾಲ್ಯದಲ್ಲಿ ದೊಡ್ಡಮ್ಮ ಯಾವುದೋ ನೋಂಪಿಯ ವ್ರತದ ಕಾಲದಲ್ಲಿ ಹಲಸಿನ ಹಣ್ಣನ್ನು ಜನ್ಮಪೂರ್ತಿ ಬಿಟ್ಟಿದ್ದರು. ನಮ್ಮಲ್ಲಿ ಹಾಗೆ ಒಂದು ಪದಾರ್ಥ ಬಿಡುವುದುಂಟು. ಬುದ್ಧಿವಂತರು ತಮಗೆ ಇಷ್ಟವಿಲ್ಲದ್ದನ್ನು ಬಿಡುತ್ತಾರೆ. ನಾನು ಹಾಗಲಕಾಯಿ ಬಿಟ್ಟಿದ್ದೇನೆ. ದೊಡ್ಡಮ್ಮ ಬಿಟ್ಟಿದ್ದು ಪ್ರಾಣವಾಗಿದ್ದ ಹಣ್ಣನ್ನು. ಪ್ರತಿವರ್ಷ ಹಣ್ಣು ಕೊಯ್ಯುವ ದಿನ ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸಿ ನಮಗೆಲ್ಲ ಹಂಚುವವರು ಅವರೇ. ಕೊನೆಗಾಲದಲ್ಲಿ ವಿಧಿಪೂರ್ವಕ ಅನ್ನ ಬಿಟ್ಟು ಮಲಗಿದ್ದಾಗ, ನೆರೆಮನೆಯಿಂದ ಹಣ್ಣಿನ ಪರಿಮಳ ಬಂತು. ಕಣ್ಣು ತೆರೆದರು. "ಚೆನ್ನಾಗಿ ಹಣ್ಣಾಗಿದೆ" ಎಂದಷ್ಟೇ ಹೇಳಿ ಗೋಡೆಯ ಕಡೆಗೆ ತಿರುಗಿದರು. ಮತ್ತೆ ಈಕಡೆ ತಿರುಗಲಿಲ್ಲ. ಅದು ವೈರಾಗ್ಯವೆಂದು ಮನೆಯವರೆಲ್ಲ ಕೈಮುಗಿದರು. ನಾನೂ ಮುಗಿದೆ. ಆದರೆ ಆ ಒಂದು ವಾಕ್ಯವನ್ನು ಅವರು ಹೇಳಿದ ಧ್ವನಿ ನನಗೆ ಯಾವ ಶಾಸ್ತ್ರದಲ್ಲೂ ಸಿಕ್ಕಿಲ್ಲ.

ಇಂಥ ಮನೆಯಿಂದ ಹೊರಟು ನಾನು ತೊಂಬತ್ತರ ದಶಕದಲ್ಲಿ ಬಂಟ್ವಾಳದ ಶಾಲೆಗೆ ಬಂದೆ. ಉಮ್ಮರಬ್ಬನ ಅಂಗಡಿಯ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಕೆಳಗೆ ಬಳೆ, ರಿಬ್ಬನ್, ಬಾಚಣಿಗೆ, ಬೊಂಬೆ. ಮೇಲೆ ಹಳಗನ್ನಡ. ಮಳೆಗಾಲದ ಮಧ್ಯಾಹ್ನಗಳಲ್ಲಿ ಗಿರಾಕಿ ಇಲ್ಲದಾಗ ಇಬ್ಬರೂ ಅಂಗಡಿಯ ಬೆಂಚಿನಲ್ಲಿ ಕೂತು ಬೀದಿ ನೋಡುತ್ತಿದ್ದೆವು. ಹಬ್ಬಕ್ಕೆ ನರಿಕೊಂಬಿನ ತನ್ನ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಅವನ ತಾಯಿಯನ್ನು ನಾನೂ ಉಮ್ಮ ಎಂದೇ ಕರೆದೆ. ಆ ಮನೆಯಲ್ಲಿ ನಾನು ಏನು ತಿನ್ನುತ್ತೇನೆ, ಏನು ತಿನ್ನುವುದಿಲ್ಲ ಎಂದು ಉಮ್ಮ ಒಂದು ಸಲವೂ ಕೇಳಲಿಲ್ಲ. ನಾನು ಹೋದಾಗಲೆಲ್ಲ ಬಾಳೆಹಣ್ಣಿನ ಚಿಪ್ಪು ತಂದು ಎದುರಿಗೆ ಇಡುತ್ತಿದ್ದರು. ಸಿಪ್ಪೆ ಸುಲಿಯದೆ, ಚಾಕು ಮುಟ್ಟಿಸದೆ, ತಟ್ಟೆಯನ್ನೂ ಇಡದೆ, ಬಾಳೆಯೆಲೆಯ ಮೇಲೆ. ಸಿಪ್ಪೆಯೊಳಗಿರುವುದಕ್ಕೆ ಯಾವ ಜಾತಿಯ ದೋಷವೂ ತಾಗುವುದಿಲ್ಲ ಎಂಬುದು ಅವರು ತಾವಾಗಿ ಮಾಡಿಕೊಂಡ ಶಾಸ್ತ್ರ. ನನ್ನ ಶಾಸ್ತ್ರಕ್ಕಿಂತ ಸೂಕ್ಷ್ಮವಾಗಿತ್ತು.

ನನಗೆ ಬೆಳ್ತಂಗಡಿಗೂ ಆಮೇಲೆ ಮೂಡುಬಿದಿರೆಗೂ ವರ್ಗವಾಯಿತು. ಅಷ್ಟರಲ್ಲಿ ಹೊಸ ಶತಮಾನ ಹುಟ್ಟಿತ್ತು. ಗಲ್ಫಿಗೆ ಹೋಗುವ ವಯಸ್ಸು ಮೀರಿದ್ದ ಉಮ್ಮರಬ್ಬ ಚೀನಾಕ್ಕೆ ಹೋಗತೊಡಗಿದ. ಲೋಕದ ಬಾಚಣಿಗೆಗಳೆಲ್ಲ ಅಲ್ಲಿನ ಒಂದೇ ಊರಿನಿಂದ ಹೊರಡುತ್ತವೆಂದು ಅವನಿಗೆ ಯಾರೋ ಹೇಳಿದ್ದರು. ಹೋದವನು ಮಾಲಿನ ಜೊತೆ ಭಾಷೆಯನ್ನೂ ತಂದ. ಆ ಭಾಷೆಯಲ್ಲಿ ಅವನಿಗೆ ದೇವರು, ಧರ್ಮ, ರಾಜಕೀಯ ಯಾವುದೂ ಗೊತ್ತಿರಲಿಲ್ಲ. ಊಟ ಮಾತ್ರ ಗೊತ್ತಿತ್ತು. ಅಲ್ಲಿ ಮುಸಲ್ಮಾನರದ್ದೇ ಒಂದು ಶಾವಿಗೆ ಅಂಗಡಿ, ಅದರಲ್ಲಿ ಒಬ್ಬ ಮುದುಕಿ. ಇವನು ಬಟ್ಟಲಿನ ಎದುರು ಕೂತು ಮನೆಯ ಮೀನುಸಾರು ನೆನೆಸಿಕೊಂಡು ದಿಕ್ಕು ನೋಡುವುದನ್ನು ಕಂಡು ಆಕೆಯೇ ಕಲಿಸಿದ್ದು.

"ಅಲ್ಲಿ ನನಗೆ ಆಶ್ಚರ್ಯ ಆದದ್ದು ಕಟ್ಟಡ ಅಲ್ಲ ಮಾಷ್ಟ್ರೆ," ಎಂದ, ನಾನು ರಜೆಯಲ್ಲಿ ಅಂಗಡಿಗೆ ಹೋಗಿದ್ದಾಗ. "ಕಟ್ಟಡ ದುಬಾಯಿಯಲ್ಲಿಯೂ ಉಂಟು. ಈ ಜನ ಆಸೆ ಆದರೆ ಆಸೆ ಆಗ್ತದೆ ಅಂತ ಬಾಯಿಬಿಟ್ಟು ಹೇಳ್ತಾರೆ ಮಾರಾಯ್ರೆ! 'ವೊ ಛಾನ್ ಲ.' ನನಗೆ ಛಾನ್ ಬಂತು. ಅಷ್ಟೇ. ಕೇಳಿದವರು ನಗ್ತಾರೆ, ತಂದು ಕೊಡ್ತಾರೆ."

"ನಾಚಿಕೆ ಇಲ್ವಾ ಅವರಿಗೆ?"

"ತಿನ್ನಲಿಕ್ಕೆ ಎಂಥ ನಾಚಿಕೆ? ಹೊಟ್ಟೆಯೊಳಗೆ ಛಾನಿನ ಒಂದು ಹುಳ ಉಂಟಂತೆ. ಅದು ಎದ್ದರೆ ಅದರದ್ದೇ ತಪ್ಪು, ನಮ್ಮದಲ್ಲ. ಹುಳಕ್ಕೆ ಹಾಕಿದರೆ ಆಯ್ತು. ನಿಮ್ಮ ಧರ್ಮಕ್ಕೂ ಇದು ಒಳ್ಳೆಯದು. ಜೀವದಯೆ."

ನನ್ನನ್ನು ಬೆಂಚಿನ ಮೇಲೆ ಕೂರಿಸಿ ಪಾಠ ಮಾಡಿದ. ಛಾನ್ ಎನ್ನುವಾಗ ಸ್ವರವನ್ನು ಪ್ರಶ್ನೆ ಕೇಳಿದ ಹಾಗೆ ಮೇಲಕ್ಕೆ ಎತ್ತಬೇಕಂತೆ. ನಾನು ಗಮಕದ ಅಭ್ಯಾಸವಿದ್ದವನು, ಎತ್ತಿದೆ. ರಿಬ್ಬನ್ ಕೊಳ್ಳಲು ಬಂದ ಹುಡುಗಿಯರು ಹಾಗೇ ಹಿಂದಕ್ಕೆ ಹೋದರು. ಆಸೆ ಬಹಳ ಹೆಚ್ಚಾದರೆ "ಛಾನ್ ಸ್ಸ ವೊ ಲ", ಆಸೆ ನನ್ನನ್ನು ಕೊಂದೇ ಹಾಕಿತು ಎಂದು. ಸ್ವಲ್ಪ ರುಚಿ ನೋಡಿ ಆ ಆಸೆಯನ್ನು ಕಳೆದುಕೊಳ್ಳುವುದಕ್ಕೆ "ಜಿಯೆ ಛಾನ್", ಛಾನನ್ನು ಬಿಚ್ಚಿಬಿಡುವುದು, ಕರುವಿನ ಹಗ್ಗ ಬಿಚ್ಚಿದ ಹಾಗೆ. ನಾವು ಆಸೆಯನ್ನು ಗೆಲ್ಲಬೇಕು, ಸುಡಬೇಕು, ಬೇರುಸಹಿತ ಕೀಳಬೇಕು ಎಂದೆಲ್ಲ ಕೇಳಿ ಬೆಳೆದವರು. ಬಿಚ್ಚಿಬಿಡಬಹುದು ಎಂದು ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಅದನ್ನು ಹಪ್ಪಳಕ್ಕೆ ಇಳಿಸಿ ಉಪಯೋಗಕ್ಕೆ ತಂದದ್ದು ಹೀಗೆ.

ಆಮೇಲೆ ಉಮ್ಮರಬ್ಬನ ಗಂಟಲು ಕಟ್ಟಿತು. ಮೊದಲು ರೊಟ್ಟಿ ಇಳಿಯಲಿಲ್ಲ, ಆಮೇಲೆ ಅನ್ನ, ಆಮೇಲೆ ಗಂಜಿ. ಮಂಗಳೂರಿನ ಆಸ್ಪತ್ರೆಯವರು ಏನೇನೋ ಮಾಡಿ ಕೊನೆಗೆ ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಇಳಿಸಿ, ಬಾಯಲ್ಲಿ ಏನೂ ಕೊಡಕೂಡದು, ಕೊಟ್ಟರೆ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಹೇಳಿ ಮನೆಗೆ ಕಳಿಸಿದರು. ಮನೆಗೆ ಕಳಿಸುವುದು ಎಂಬುದರ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು.

ನಾನು ಭಾನುವಾರಗಳಂದು ಮೂಡುಬಿದಿರೆಯಿಂದ ಬಸ್ಸು ಹಿಡಿದು ನರಿಕೊಂಬಿಗೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಆ ಮನೆಯಲ್ಲಿ ಏನೋ ಬದಲಾಗಿದೆ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮನೆಗೆ ವಾಸನೆ ಇರಲಿಲ್ಲ. ಮೊದಲೆಲ್ಲ ಗೇಟಿನ ಹತ್ತಿರವೇ ಮೀನು, ತೆಂಗಿನೆಣ್ಣೆ, ಬೆಳ್ಳುಳ್ಳಿ ಎಲ್ಲ ಒಟ್ಟಾಗಿ ಬಂದು ನನ್ನಂಥವನ ಮೂಗಿಗೆ ಸಲಾಮು ಹೊಡೆಯುತ್ತಿದ್ದವು. ಈಗ ಡೆಟ್ಟಾಲಿನ ವಾಸನೆ ಬಿಟ್ಟರೆ ಏನೂ ಇಲ್ಲ.

ಉಮ್ಮರಬ್ಬನ ಹೆಂಡತಿ ಮೈಮುನಾ ಹೊರಗೆ ಕರೆದು ವಿವರಿಸಿದರು. "ತಿನ್ನಲಿಕ್ಕೆ ಆಗದವರ ಎದುರು ಪರಿಮಳ ಬರಿಸಿದರೆ ಪಾಪ ಅಲ್ವಾ ಮಾಷ್ಟ್ರೆ? ಅದಕ್ಕೆ ಇಲ್ಲಿ ಒಲೆ ಹೊತ್ತಿಸುವುದೇ ಬಿಟ್ಟಿದ್ದೇವೆ. ಅವರಿಗೆ ಕೊಡುವ ಗಂಜಿ ತಿಳಿ ಕೂಡ ಅಲ್ಲಿಂದಲೇ ಬರ್ತದೆ." ಅಲ್ಲಿ ಎಂದರೆ ಹಿತ್ತಲಿನಾಚೆಯ ನಾದಿನಿಯ ಮನೆ. ಎಲ್ಲರೂ ಅಲ್ಲಿಗೆ ಹೋಗಿ ಬೇಯಿಸಿ, ಅಲ್ಲೇ ಉಂಡು, ಕೈಗೆ ಸಾಬೂನು ತಿಕ್ಕಿ, ಬಾಯಿಗೆ ಏಲಕ್ಕಿ ಹಾಕಿಕೊಂಡು, ಏನೂ ಆಗದವರಂತೆ ಮನೆಗೆ ಬರುತ್ತಿದ್ದರು. ನೆರೆಯವರು ಕೂಡ ಗಾಳಿ ಈಕಡೆ ಬೀಸುವಾಗ ಮೀನು ಹುರಿಯುತ್ತಿರಲಿಲ್ಲವಂತೆ. ಉಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. "ಮಗನ ಗಂಟಲಿಗೆ ಇಳಿಯದ್ದು ನನಗೂ ಬೇಡ" ಎಂದು ಮೀನನ್ನೇ ಬಿಟ್ಟು ಕೂತಿದ್ದರು. ಗಂಜಿಗೆ ಉಪ್ಪು ಹಾಕಿ ಕುಡಿಯುತ್ತಿದ್ದರು. ಒಂದು ಊರಿಗೆ ಊರೇ ಒಬ್ಬ ಮನುಷ್ಯನ ಮೂಗನ್ನು ಕಾಯುತ್ತಿತ್ತು. ಇಷ್ಟು ಪ್ರೀತಿಯನ್ನು ನಾನು ಎಲ್ಲಿಯೂ ಕಂಡವನಲ್ಲ. ಇಷ್ಟು ತಣ್ಣಗಿನ ಮನೆಯನ್ನೂ ಕಂಡವನಲ್ಲ.

ಆಮೇಲೊಂದು ಭಾನುವಾರ. ಉಮ್ಮರಬ್ಬ ದಿಂಬಿಗೆ ಒರಗಿ ಕೂತಿದ್ದ. ಮೈಯೆಲ್ಲ ಕರಗಿ ಕಣ್ಣು ಮಾತ್ರ ಹಳೆಯ ಅಳತೆಯದ್ದು ಉಳಿದಿತ್ತು. ಮೈಮುನಾ ನಳಿಗೆಯಲ್ಲಿ ಗಂಜಿಯ ತಿಳಿ ಹಾಕಿ ಮುಗಿಸಿ ಪಾತ್ರೆ ಎತ್ತುತ್ತಿದ್ದರು. ಅವನು ನನ್ನ ಕಡೆ ನೋಡಿ, ಆ ಒಡಕು ಧ್ವನಿಯಲ್ಲಿ, ಸ್ವರವನ್ನು ಎತ್ತಬೇಕಾದಲ್ಲಿ ಸರಿಯಾಗಿ ಎತ್ತಿ ಹೇಳಿದ:

"ಮಾಷ್ಟ್ರೆ, ಛಾನ್ ಸ್ಸ ವೊ ಲ."

"ಎಂಥ ಹೇಳಿದ್ದು ಇವರು?" ಮೈಮುನಾ ಗಾಬರಿಯಾದರು. ಪ್ರಜ್ಞೆ ತಪ್ಪಿ ಏನಾದರೂ ಬಡಬಡಿಸುತ್ತಾನೋ ಎಂದು ಅವರ ಭಯ.

"ಚೀನಾದ ಮಾತು. ಹೇಗಿದ್ದೀರಿ ಅಂತ ಕೇಳಿದ್ದು," ಎಂದೆ.

ಅವರು ಹೋದ ಮೇಲೆ ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡೆ. "ಯಾವುದರ ಮೇಲೆ?"

"ಒಣಬಂಗುಡೆ. ಕೆಂಡದಲ್ಲಿ ಸುಟ್ಟದ್ದು."

"ಉಮ್ಮರಬ್ಬ, ಡಾಕ್ಟ್ರು ಹೇಳಿದ್ದಾರೆ…"

"ಮೀನು ತಿನ್ನುವುದು ಯಾರು ಮಾರಾಯ್ರೆ? ತಿನ್ನಲಿಕ್ಕೆ ದಾರಿ ಎಲ್ಲಿ ಉಂಟು? ವಾಸನೆ ಬಂದರೆ ಸಾಕು. ಒಂದು ಮೂಗಿಗೆ ನಳಿಗೆ ಹಾಕಿದ್ದಾರೆ, ಇನ್ನೊಂದು ಖಾಲಿ ಉಂಟಲ್ಲ? ಅದನ್ನಾದರೂ ಉಪಯೋಗ ಮಾಡುವ."

"ಹಾಗಾದರೆ ಉಮ್ಮನ ಹತ್ತಿರ ಹೇಳಿ."

"ಹೇಳಿದರೆ? ಮಗ ತಿನ್ನಲಿಕ್ಕೆ ಕೇಳಿದ, ಕೊಡ್ಲಿಕ್ಕೆ ಆಗಲಿಲ್ಲ ಅಂತ ಅವರು ಸಾಯುವವರೆಗೆ ಎದೆ ಬಡ್ಕೊಳ್ತಾರೆ. ನಮ್ಮ ಭಾಷೆಯಲ್ಲಿ ಹೇಳಿದರೆ ಮನೆಯಲ್ಲಿ ಎಲ್ಲರಿಗೂ ಅರ್ಥ ಆಗ್ತದೆ. ಅದೇ ಕಷ್ಟ. ಅದಕ್ಕೆ ನಿಮ್ಮ ಹತ್ತಿರ ಚೀನಾದಲ್ಲಿ ಹೇಳಿದ್ದು."

ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. ಆಮೇಲೆ ಹೇಳಿದ್ದನ್ನು ನಾನು ಮರೆತಿಲ್ಲ.

"ನಮ್ಮಲ್ಲಿ ಮಯ್ಯತ್ತಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಗೊತ್ತುಂಟಲ್ಲ? ಹೆಣ ಹೋದ ಮೇಲೆಯೂ ಮೂರು ದಿನ ನೆರೆಕರೆಯವರೇ ಅನ್ನ ತಂದು ಕೊಡುವುದು. ಈಗ ನೋಡಿ, ನನ್ನ ಮನೆಯಲ್ಲಿ ಒಲೆ ಹೊತ್ತದೆ ಎಷ್ಟು ಸಮಯ ಆಯ್ತು. ಅನ್ನ ಆಚೆಮನೆಯಿಂದ ಬರ್ತದೆ. ಎಲ್ಲರೂ ಮೆಲ್ಲ ಮಾತಾಡ್ತಾರೆ. ನಾನು ಇನ್ನೂ ಹೋಗಲಿಲ್ಲ ಮಾಷ್ಟ್ರೆ. ನನ್ನ ಮಯ್ಯತ್ತಿನ ಮನೆಯಲ್ಲಿ ನಾನೇ ಕೂತು ಕಾಯ್ತಾ ಇದ್ದೇನೆ."

ನಾನು ನೀರು ಕುಡಿದು ಬರುತ್ತೇನೆಂದು ಎದ್ದೆ.

ಅಡುಗೆಮನೆ ಗುಡಿಸಿ ಒರೆಸಿ ಇಟ್ಟಿತ್ತು. ಒಲೆಯೊಳಗಿನ ಬೂದಿಯ ಮೇಲೆ ಬೆಕ್ಕೊಂದು ಸುರುಳಿ ಸುತ್ತಿ ಮಲಗಿತ್ತು. ಬೆಕ್ಕು ಒಲೆಯಲ್ಲಿ ಮಲಗುವಷ್ಟು ತಣ್ಣಗಾದ ಮನೆ ಅದು. ಉಮ್ಮ ಗೋಡೆಗೆ ಒರಗಿ ಜಪಮಣಿ ಎಣಿಸುತ್ತಿದ್ದರು. ನನ್ನನ್ನು ಕಂಡು ಏಳಲು ಹೊರಟರು.

"ಬಾಳೆಹಣ್ಣು ತರ್ತೇನೆ ಮಾಷ್ಟ್ರೆ."

"ಬಾಳೆಹಣ್ಣು ಬೇಡ ಉಮ್ಮ." ನನ್ನ ಧ್ವನಿ ನನಗೇ ಬೇರೆಯವರದ್ದರ ಹಾಗೆ ಕೇಳಿಸಿತು. "ನನಗೆ ಒಂದು ಆಸೆ ಆಗಿದೆ."

"ಹೇಳಿ."

"ಒಣಬಂಗುಡೆ. ಕೆಂಡದಲ್ಲಿ ಸುಟ್ಟದ್ದು."

ಅಹಿಂಸೆ, ಸತ್ಯ ಎಂಬ ಎರಡು ಅಣುವ್ರತಗಳನ್ನು ಒಂದೇ ಉಸಿರಿನಲ್ಲಿ ಮುರಿದ ಶ್ರಾವಕರು ತುಳುನಾಡಿನ ಚರಿತ್ರೆಯಲ್ಲಿ ಹೆಚ್ಚು ಮಂದಿ ಇರಲಾರರು. ಉಮ್ಮನ ಬೆರಳಿನಲ್ಲಿ ಮಣಿ ನಿಂತಿತು.

"ನೀವು?"

"ನಾನು."

"ಮೂಡುಬಿದಿರೆಯ ಜೈನರು?"

"ಹೌದು."

"ನಿಮ್ಮ ಮನೆಯವರಿಗೆ ಗೊತ್ತುಂಟಾ?"

"ಇಲ್ಲ. ಹೇಳ್ಲಿಕ್ಕೆ ಹೋಗಬೇಡಿ."

ಆ ಹಳೆಯ ಕಣ್ಣುಗಳು ನನ್ನ ಮುಖದ ಮೇಲೆ ಬಹಳ ಹೊತ್ತು ನಿಂತವು. ಆಮೇಲೆ ನಿಧಾನವಾಗಿ, ನನ್ನ ಭುಜದ ಮೇಲಿನಿಂದ, ಮಗನ ಕೋಣೆಯ ಬಾಗಿಲಿಗೆ ಹೋದವು. ಅಲ್ಲಿಂದ ಮತ್ತೆ ನನ್ನ ಕಡೆಗೆ ಬಂದಾಗ ಅವುಗಳಲ್ಲಿ ನೀರಿತ್ತು. ಗೋಡೆ ಹಿಡಿದು ಎದ್ದರು.

"ಮನೆಗೆ ಬಂದವರು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಹೇಳ್ಲಿಕ್ಕೆ ಆಗ್ತದಾ?" ಎಂದು ಗಟ್ಟಿಯಾಗಿ ಹೇಳಿದರು, ಇಡೀ ಮನೆಗೆ ಕೇಳುವ ಹಾಗೆ. ಆ ಮನೆಯಲ್ಲಿ ಅಷ್ಟು ಗಟ್ಟಿ ಮಾತು ಕೇಳದೆ ಎಷ್ಟೋ ದಿನಗಳಾಗಿದ್ದವು.

ಮೈಮುನಾ ಓಡಿಬಂದರು. ಮಾಡಿನ ಹತ್ತಿರದ ಡಬ್ಬಿಯಿಂದ ಉಮ್ಮ ಒಣಮೀನು ತೆಗೆಯುವುದನ್ನು ಕಂಡು ಎದೆಗೆ ಕೈ ಇಟ್ಟುಕೊಂಡರು. "ಉಮ್ಮ, ಎಂಥ ಮಾಡ್ತೀರಿ? ವಾಸನೆ! ಅವರಿಗೆ ಸಂಕಟ ಆಗ್ತದೆ!"

"ಮಾಷ್ಟ್ರಿಗೆ ಆಸೆ ಆಗಿದೆ," ಎಂದರು ಉಮ್ಮ. "ನೀನು ಬೆಕ್ಕನ್ನು ಓಡಿಸು."

ಬೆಕ್ಕು ಎದ್ದುಹೋಯಿತು. ತೆಂಗಿನ ಗೆರಟೆಗೆ ಬೆಂಕಿ ಬಿತ್ತು. ಕೆಂಡವಾದ ಮೇಲೆ ಉಮ್ಮ ಎರಡು ಬಂಗುಡೆಗಳನ್ನು ಅದರ ಮೇಲೆ ಮಲಗಿಸಿದರು. ಮೊದಲು ಚಟಪಟ ಸದ್ದಾಯಿತು, ಆಮೇಲೆ ಹೊಗೆ ಎದ್ದಿತು, ಆಮೇಲೆ ಆ ವಾಸನೆ. ಓದುಗರೇ, ಅದನ್ನು ವರ್ಣಿಸುವ ಅಧಿಕಾರ ನನಗಿಲ್ಲ. ಅದು ಉಪ್ಪಿನದ್ದೋ ಸಮುದ್ರದ್ದೋ ಸುಟ್ಟ ಚರ್ಮದ್ದೋ ನನಗೆ ಗೊತ್ತಾಗಲಿಲ್ಲ. ಏಳೇಳು ತಲೆಮಾರಿನ ಹಿರಿಯರು ಒಟ್ಟಾಗಿ ನನ್ನ ಹೊಟ್ಟೆಯೊಳಗೆ ಎದ್ದು ನಿಂತರು ಎಂದಷ್ಟೇ ಹೇಳಬಲ್ಲೆ. ಮೂಗಿಗೆ ಕರವಸ್ತ್ರ ಹಿಡಿಯುವಂತಿರಲಿಲ್ಲ, ಆಸೆಪಟ್ಟವನು ನಾನೇ ಅಲ್ಲವೇ? ಒಲೆಯ ಎದುರಿಗೆ ಮಣೆಯ ಮೇಲೆ ಕೂತು, ಕಣ್ಣಿನಲ್ಲಿ ನೀರು ಸುರಿಸುತ್ತ, ಆಸೆಗಾರನ ಮುಖ ಮಾಡಿಕೊಂಡಿದ್ದೆ.

ಹೊಗೆ ಜಂತಿ ಹಿಡಿದು ನಡುಮನೆಗೆ ಹೋಯಿತು. ಅಲ್ಲಿಂದ ಕೋಣೆಗೆ. ನಾವು ಮೂವರೂ ಕಾಯುತ್ತಿದ್ದೆವು. ಮೈಮುನಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಇದು ಅವನಿಗೆ ಸುಖವೋ ಹಿಂಸೆಯೋ ಎಂಬುದು ಆ ಹೊತ್ತಿನಲ್ಲಿ ನನಗೂ ಗೊತ್ತಿರಲಿಲ್ಲ. ತಪ್ಪಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗೂ ಇರಲಿಲ್ಲ. ವಾಸನೆ ಒಮ್ಮೆ ಹೊರಟರೆ ಹೊರಟಿತು.

ಆಗ ಕೋಣೆಯಿಂದ, ಆ ಗಂಟಲಿನಲ್ಲಿ ಇನ್ನೂ ಇದೆಯೆಂದು ಯಾರಿಗೂ ಗೊತ್ತಿರದ ಒಂದು ಸ್ವರ ಬಂತು:

"ಉಮ್ಮಾ! ಮಗುಚಿ! ಕರಟುತ್ತಾ ಉಂಟು!"

ಉಮ್ಮ ಇಕ್ಕಳ ಎತ್ತಿಕೊಂಡರು. "ನನಗೆ ಮೀನು ಸುಡ್ಲಿಕ್ಕೆ ನೀನು ಕಲಿಸುವುದಾ?" ಎಂದು ಕೂಗಿದರು. "ಸುಮ್ಮನೆ ಬಿದ್ದುಕೋ ಅಲ್ಲಿ!" ಎರಡು ಮೀನನ್ನೂ ಮಗುಚಿಹಾಕಿದರು. ಮೈಮುನಾ ಗೋಡೆಗೆ ಮುಖ ಮಾಡಿ ನಕ್ಕರೋ ಅತ್ತರೋ, ಭುಜ ಮಾತ್ರ ಅಲುಗಿದ್ದು ಕಂಡಿತು.

ಸುಟ್ಟ ಮೀನಿಗೆ ತೆಂಗಿನೆಣ್ಣೆ ಸವರಿ, ಬಟ್ಟಲಿಗೆ ಗಂಜಿ ಹಾಕಿ, ಉಮ್ಮ ಅದನ್ನು ಕೈಯಲ್ಲಿ ಹಿಡಿದು ಮಗನ ಕೋಣೆಗೇ ನಡೆದರು. ಹಿಂದೆ ನಾನು. ಉಮ್ಮರಬ್ಬ ಕಣ್ಣುಮುಚ್ಚಿ, ಖಾಲಿ ಇದ್ದ ಒಂದು ಮೂಗಿನಿಂದ ಉಸಿರನ್ನು ಎಳೆದು ಎಳೆದು ಒಳಗೆ ತೆಗೆದುಕೊಳ್ಳುತ್ತಿದ್ದ. ಬಟ್ಟಲನ್ನು ನನ್ನ ಎದುರಿನ ಸ್ಟೂಲಿನ ಮೇಲೆ ಇಟ್ಟರು ಉಮ್ಮ.

"ತಿನ್ನಿ ಮಾಷ್ಟ್ರೆ."

ನಾನು ಬಂಗುಡೆಯನ್ನು ನೋಡಿದೆ. ಬಂಗುಡೆ ನನ್ನನ್ನು ನೋಡಿತು. ಉಮ್ಮರಬ್ಬ ಕಣ್ಣು ತೆರೆದ. ಎಷ್ಟೋ ತಿಂಗಳ ನಂತರ ಅವನ ಕಣ್ಣಿನಲ್ಲಿ ಅಂಗಡಿಯ ಬೆಂಚಿನ ಹಳೆಯ ತುಂಟತನ ಕಂಡಿತು. ನನ್ನನ್ನು ಒಂದಷ್ಟು ಹೊತ್ತು ಬೇಯಲು ಬಿಟ್ಟು, ಆಮೇಲೆ ಹೇಳಿದ:

"ಮಾಷ್ಟ್ರಿಗೆ ಇವತ್ತು ಅಷ್ಟಮಿಯ ಉಪವಾಸ ಉಮ್ಮ. ನೆನಪಿಲ್ಲದೆ ಕೇಳಿದ್ದು. ಅವರನ್ನು ಬಿಡಿ. ನೀವು ತಿನ್ನಿ."

"ನನಗೆ ಬೇಡ ಮೋನೇ."

"ತಿನ್ನಿ ಉಮ್ಮ."

"ಬೇಡ. ನೀನು ತಿನ್ನದ್ದು ನನಗೆ ಬೇಡ."

"ಕೂತುಕೊಳ್ಳಿ ಇಲ್ಲಿ."

ಉಮ್ಮ ಮಂಚದ ಅಂಚಿನಲ್ಲಿ ಕೂತರು. ಬಟ್ಟಲನ್ನು ನಾನು ಅವರ ಮಡಿಲಿಗೆ ಕೊಟ್ಟೆ. ಉಮ್ಮರಬ್ಬ ತಾಯಿಯ ಕೈಯನ್ನು ಹಿಡಿದು ಮೀನಿನ ಮೇಲೆ ಇಟ್ಟ. ತನ್ನ ಮನೆಮಾತಿನಲ್ಲಿ, ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಿದ:

"ನನಗೆ ಆಸೆ ಆಗ್ತದೆ ಉಮ್ಮ. ತುಂಬ ಆಸೆ ಆಗ್ತದೆ. ನೀವು ತಿನ್ನಿ, ನಾನು ನೋಡ್ತೇನೆ."

ಉಮ್ಮ ಒಂದು ಚೂರು ಮುರಿದರು. ಗಂಜಿಯ ಜೊತೆ ಬಾಯಿಗೆ ಇಟ್ಟುಕೊಂಡರು. ನುಂಗಲು ಬಹಳ ಹೊತ್ತು ಬೇಕಾಯಿತು. ಅವನು ಅವರ ಗಂಟಲನ್ನೇ ನೋಡುತ್ತಿದ್ದ. ಅದು ಇಳಿದದ್ದು ಕಂಡಮೇಲೆ ಕೇಳಿದ:

"ಹೇಗುಂಟು?"

"ಉಪ್ಪು ಹೆಚ್ಚು."

"ಈ ಸಲದ್ದು ಹಾಗೇ. ಮುಳ್ಳು ನೋಡಿಕೊಳ್ಳಿ."

ಉಮ್ಮ ತಿಂದರು. ಮುಳ್ಳು ಬಿಡಿಸಿ ಬಟ್ಟಲಿನ ಅಂಚಿಗೆ ಸಾಲಾಗಿ ಇಡುತ್ತ, ಕಣ್ಣೀರು ಗಂಜಿಗೆ ಬೀಳದ ಹಾಗೆ ಮುಖ ಸ್ವಲ್ಪ ಆಚೆ ತಿರುಗಿಸಿಕೊಂಡು, ತುತ್ತು ತುತ್ತಾಗಿ ತಿಂದರು. ಅವನು ಒಂದು ತುತ್ತನ್ನೂ ಬಿಡದೆ ನೋಡಿದ. ಮೊದಲ ಮೀನು ಮುಗಿಯಿತು. ಉಮ್ಮ ಕೈ ತೊಳೆಯಲು ಏಳಹೊರಟರು.

"ಇನ್ನೊಂದು ಉಂಟಲ್ಲ," ಎಂದ ಉಮ್ಮರಬ್ಬ. "ಅದನ್ನೂ ತಿನ್ನಿ."